ಗುಜರಿ ಕಬ್ಬಿಣದ ಸೈಕಲ್ ಹತ್ಯಾರ: ಯಾವುದು ಅಂಗಡಿಯದಕ್ಕೆ ಸಮ, ಯಾವುದು ಅಲ್ಲ

ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ರೇಸಿನ ಹುಚ್ಚು ಜಾಸ್ತಿ. ಬೆಳಗಿನ ಜಾವ ಸೋಲಾಪುರ ರಸ್ತೆಗೆ ಹೋದರೆ ತೆಳು ಟೈರಿನ ಗೇರ್ ಸೈಕಲ್ ಹುಡುಗರು ಸಿಗುತ್ತಾರೆ. ರಾಡ್ ಬ್ರೇಕಿನ ಹಳೆ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬರುವವರೂ ಅದೇ ರಸ್ತೆಯಲ್ಲಿದ್ದಾರೆ. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಕೊಟ್ಟ ಸೈಕಲ್‌ಗಳು ಎಷ್ಟೋ ಹಳ್ಳಿ ಮನೆಗಳಲ್ಲಿ ಇನ್ನೂ ಇವೆ. ಈ ಎಲ್ಲ ತರದ ಸೈಕಲ್ಲೂ ನನ್ನ ಕೈಗೆ ಬರುತ್ತವೆ. ಕೆಲವು ನೆಂಟರವು, ಕೆಲವು ಓಣಿಯವರವು. ಎಲ್ಲಕ್ಕೂ ಹತ್ಯಾರ ಕೊಳ್ಳುತ್ತಾ ಹೋದರೆ ಒಂದು ಸೈಕಲ್ಲಿನ ದುಡ್ಡೇ ಹೋಗುತ್ತದೆ. ಹಾಗಾಗಿ ಒಂದೊಂದನ್ನೇ ಗುಜರಿ ಸಾಮಾನಿನಲ್ಲಿ ಮಾಡಿಕೊಂಡೆ. ಅಂಗಡಿಯದನ್ನು ಕೊಂಡೋ ಕೇಳಿ ತಂದೋ ಎರಡರಲ್ಲೂ ಅದೇ ಕೆಲಸ ಮಾಡಿ ನೋಡಿದೆ.

ನನಗೆ ಕಂಡದ್ದು ಇಷ್ಟು. ಹಿಡಿಯುವ, ಒತ್ತುವ, ಅಳೆಯುವ ಹತ್ಯಾರ ಮನೆಯಲ್ಲೇ ಆಗುತ್ತದೆ. ಸಣ್ಣ ಹಲ್ಲು, ಥ್ರೆಡ್ ಇರುವುದನ್ನು ಕೊಳ್ಳಲೇಬೇಕು.

ಮೊದಲು ಗಾಲಿಯ ಔಟ್ (ತಿರುಗುವಾಗ ರಿಮ್ ಎಡಕ್ಕೆ ಬಲಕ್ಕೆ ಓಲಾಡುವುದು) ತೆಗೆಯುವ ಕೆಲಸ. ಇದಕ್ಕೆ ಮೂರು ದಾರಿ ಇವೆ. ಸೈಕಲ್ ಉಲ್ಟಾ ನಿಲ್ಲಿಸಿ ಬ್ರೇಕ್ ಶೂ ನೋಡಿಕೊಂಡು ಸ್ಪೋಕ್ ಬಿಗಿಮಾಡುವುದು ಎಲ್ಲರಿಗೂ ಗೊತ್ತಿರುವ ದಾರಿ. ರಿಮ್ಮನ್ನು ಎರಡೂ ಪಕ್ಕದಿಂದ ಹಿಡಿಯುವ ಕ್ಯಾಲಿಪರ್ ಬ್ರೇಕ್ ಇದ್ದರೆ ಇದು ನಡೆಯುತ್ತದೆ. ರಾಡ್ ಬ್ರೇಕ್ ಸೈಕಲ್ಲಿನಲ್ಲಿ ಶೂ ರಿಮ್ಮಿನ ಒಳಮೈಗೆ ಒತ್ತುತ್ತದೆ, ಪಕ್ಕಕ್ಕಲ್ಲ. ಅಲ್ಲಿ ಎಡ ಬಲದ ಔಟ್ ಗೊತ್ತೇ ಆಗುವುದಿಲ್ಲ. ಹಾಗಾಗಿ ಫೋರ್ಕಿಗೆ, ಅಂದರೆ ಮುಂದಿನ ಗಾಲಿ ಹಿಡಿಯುವ ಕವಲಿಗೆ, ಒಂದು ಗಟ್ಟಿ ತಂತಿ ಕಟ್ಟಿ, ತುದಿಯನ್ನು ರಿಮ್ಮಿನ ಹತ್ತಿರಕ್ಕೆ ಬಗ್ಗಿಸಿಕೊಳ್ಳಬೇಕು. ಅವಸರದ ಕೆಲಸಕ್ಕೆ ಸಾಕು, ಆದರೆ ತಂತಿ ಅಲುಗಾಡುತ್ತದೆ.

ಎರಡನೆಯದು ನಾನು ಮಾಡಿಕೊಂಡದ್ದು. ಗುಜರಿ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಹಳೆ ಫೋರ್ಕ್ ಸಿಗುತ್ತದೆ. ಅದರ ಕೊಳವೆಯನ್ನು ಬೆಂಚ್ ವೈಸಿನಲ್ಲಿ ಕಚ್ಚಿಸಿ, ಕಾಲುಗಳು ಮೇಲೆ ಬರುವ ಹಾಗೆ ನಿಲ್ಲಿಸಬೇಕು. ರಿಮ್ ತಿರುಗುವ ಎತ್ತರದಲ್ಲಿ ಎರಡೂ ಕಾಲಿಗೆ ತೂತು ಹಾಕಿ, ಉದ್ದನೆಯ ಬೋಲ್ಟು ತೂರಿಸಿ, ಎರಡೂ ಬದಿಗೆ ನಟ್ಟು ಕೊಡಬೇಕು. ಬೋಲ್ಟಿನ ತುದಿಯೇ ಮುಳ್ಳು. ರಿಮ್ ಬಲಕ್ಕೆ ಬಂದು ತಾಗಿದ ಕಡೆ ಎಡಬದಿಯ ನಿಪ್ಪಲ್ (ಸ್ಪೋಕ್ ತುದಿಯ ಸಣ್ಣ ನಟ್ಟು) ಕಾಲು ಸುತ್ತು ಬಿಗಿ, ಬಲಬದಿಯದು ಕಾಲು ಸುತ್ತು ಸಡಿಲ. ಬೋಲ್ಟು ಮತ್ತು ರಿಮ್ ನಡುವೆ ಒಂದು ಕಾಗದ ಮಾತ್ರ ಹೋಗುವಷ್ಟು ಹತ್ತಿರಕ್ಕೆ ತರಬಹುದು.

ಮೂರನೆಯದು ಅಂಗಡಿಯ ಟ್ರೂಯಿಂಗ್ ಸ್ಟ್ಯಾಂಡ್. ರೇಸಿಗೆ ಹೋಗುವ ಒಬ್ಬ ಹುಡುಗನ ಹತ್ತಿರ ಇತ್ತು, ಕೇಳಿ ತಂದಿದ್ದೆ. ಅದರ ಎರಡು ಮುಳ್ಳೂ ಒಟ್ಟಿಗೇ ಸರಿಯುತ್ತವೆ. ಗಾಲಿ ನಡುಮಧ್ಯೆ ಇದೆಯಾ ಅಂತ ತಕ್ಷಣ ಕಾಣುತ್ತದೆ. ಕೆಲಸ ಬೇಗ ಆಗುತ್ತದೆ, ಬೆನ್ನಿಗೆ ಆರಾಮ. ಆದರೆ ಕೊನೆಗೆ ಬಂದ ಗಾಲಿಯಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಯಾಕೆಂದರೆ ಹಳೆ ಫೋರ್ಕ್ ಸ್ವಲ್ಪ ಸೊಟ್ಟ ಇದ್ದರೂ ನಡೆಯುತ್ತದೆ. ಔಟ್ ತೆಗೆದ ಮೇಲೆ ಗಾಲಿಯನ್ನು ಬಿಚ್ಚಿ, ಎಡ ಬಲ ಅದಲುಬದಲು ಮಾಡಿ ಕೂರಿಸಿ. ಎರಡೂ ಸಲ ಒಂದೇ ಬೋಲ್ಟಿನ ಹತ್ತಿರ ಅಷ್ಟೇ ಸಂದು ಇದ್ದರೆ ರಿಮ್ ಮಧ್ಯದಲ್ಲಿದೆ ಎಂದೇ ಅರ್ಥ. ಸ್ಟ್ಯಾಂಡಿನ ಸೊಟ್ಟು ಲೆಕ್ಕಕ್ಕೇ ಬರುವುದಿಲ್ಲ. ಈ ಉಪಾಯ ನನಗೆ ತುಂಬ ಇಷ್ಟ.

ತೊಂದರೆ ಇರುವುದು ಅಗಲದಲ್ಲಿ. ಗೇರ್ ಸೈಕಲ್ಲಿನ ಮುಂದಿನ ಹಬ್ (ಗಾಲಿಯ ನಡುವಿನ ಗುಂಭ) ಸಾಮಾನ್ಯವಾಗಿ 100 ಮಿ.ಮೀ., ಹಿಂದಿನದು 130 ಅಥವಾ 135. ಮುಂದಿನ ಫೋರ್ಕಿನಲ್ಲಿ ಹಿಂದಿನ ಗಾಲಿ ಕೂರುವುದಿಲ್ಲ. ಫೋರ್ಕನ್ನು ಎಳೆದು ಅಗಲ ಮಾಡುವ ಬದಲು, ಮುರಿದ ಫ್ರೇಮಿನ ಹಿಂಭಾಗವನ್ನು ಕತ್ತರಿಸಿ ಇನ್ನೊಂದು ಸ್ಟ್ಯಾಂಡ್ ಮಾಡುವುದೇ ಒಳ್ಳೆಯದು.

ಇನ್ನು ಕಾಟರ್ ಪಿನ್. ಹಳೆ ಸೈಕಲ್ಲಿನ ಕ್ರ್ಯಾಂಕನ್ನು (ಪೆಡಲ್ ಕೂರುವ ತೋಳು) ಬಾಟಮ್ ಆಕ್ಸಲ್ಲಿಗೆ, ಅಂದರೆ ಎರಡೂ ಕ್ರ್ಯಾಂಕ್ ಸೇರುವ ನಡುವಿನ ಅಚ್ಚಿಗೆ, ಹಿಡಿದಿಡುವ ಸಣ್ಣ ಬೆಣೆ ಇದು. ನಮ್ಮ ಎರೆಮಣ್ಣು, ಮಳೆನೀರು ಸೇರಿ ತುಕ್ಕು ಹಿಡಿದರೆ ಜಪ್ಪಯ್ಯ ಅಂದರೂ ಬರುವುದಿಲ್ಲ. ಸುಮ್ನೆ ಸುತ್ತಿಗೆಯಲ್ಲಿ ಹೊಡೆದರೆ ಥ್ರೆಡ್ ಇರುವ ತುದಿ ಅಣಬೆಯ ಹಾಗೆ ಅರಳುತ್ತದೆ. ಏಟು ಬಾಟಮ್ಮಿನ ಬಾಲ್ಸಿಗೂ ಬಿದ್ದು, ಅವು ಕೂರುವ ಕಪ್ಪಿನಲ್ಲಿ ಗುಳಿ ಆಗುತ್ತದೆ. ಗಾಂಧಿ ಚೌಕದ ಕಡೆ ಕೂರುತ್ತಿದ್ದ ಒಬ್ಬ ಹಿರಿಯ ಮಿಸ್ತ್ರಿ ಹೇಳಿಕೊಟ್ಟದ್ದು ಈಗಲೂ ನೆನಪಿದೆ: "ಏಟು ನೆಲಕ್ಕ ಹೋಗಬೇಕು ತಮ್ಮಾ, ಬಾಟಮ್ಮಿಗಲ್ಲ." ಕ್ರ್ಯಾಂಕಿನ ಅಡಿಯಲ್ಲಿ ಪಿನ್ನಿನ ತಲೆ ಒಳಗೆ ಇಳಿಯುವಷ್ಟು ದೊಡ್ಡ ಪೈಪಿನ ತುಂಡನ್ನು ನೆಲಕ್ಕೆ ಊರಿ ನಿಲ್ಲಿಸಬೇಕು. ನಟ್ಟನ್ನು ಪಿನ್ ತುದಿಗೆ ಸಮವಾಗುವವರೆಗೆ ಬಿಚ್ಚಿ, ಭಾರದ ಸುತ್ತಿಗೆಯಿಂದ ಗಟ್ಟಿಯಾಗಿ ಒಂದೇ ಏಟು. ಹತ್ತು ಸಣ್ಣ ಏಟಿಗಿಂತ ಇದು ವಾಸಿ.

ಇದಕ್ಕೆ ಎದುರಾಗಿ ನಾನು ಮಾಡಿಸಿದ್ದು ಒಂದು ಪ್ರೆಸ್. ದಪ್ಪ ಪ್ಲೇಟನ್ನು ವೆಲ್ಡಿಂಗ್ ಅಂಗಡಿಯಲ್ಲಿ ಇಂಗ್ಲಿಷಿನ ಸಿ ಆಕಾರಕ್ಕೆ ಮಾಡಿಸಿ, ಒಂದು ಕಡೆ 16 ಮಿ.ಮೀ. ಬೋಲ್ಟು, ಇನ್ನೊಂದು ಕಡೆ ಪೈಪಿನ ತುಂಡು. ಬೋಲ್ಟು ತಿರುಗಿಸಿದರೆ ಪಿನ್ ಹಿಂದಕ್ಕೆ ಜಾರಿ ಪೈಪಿನೊಳಗೆ ಬರುತ್ತದೆ. ಬಡಿಗಿಯವರ ಹಗುರ ಜಿ ಕ್ಲ್ಯಾಂಪಿನಲ್ಲೂ ನೋಡಿದೆ, ಅದರ ಮೈಯೇ ಬಗ್ಗಿತು. ಸಾಧಾರಣ ಪಿನ್ನಿಗೆ ಪೈಪು ಸುತ್ತಿಗೆ ಸಾಕು, ಬೇಗವೂ ಹೌದು. ತುಕ್ಕು ತಿಂದ ಪಿನ್ನಿಗೆ ಪ್ರೆಸ್ಸೇ ಬೇಕು. ಅದರಲ್ಲಿ ತೆಗೆದ ಪಿನ್ನನ್ನು ಎಷ್ಟೋ ಸಲ ಮತ್ತೆ ಹಾಕಬಹುದು.

ಹ್ಯಾಂಡಲ್ ತಿರುಗುವ ಕಡೆ ಫ್ರೇಮಿನ ಕೊಳವೆಯಲ್ಲಿ ಬಾಲ್ಸ್ ಹಿಡಿಯುವ ಹ್ಯಾಂಡಲ್ ಕಪ್ ಕೂರಿಸಲು 12 ಮಿ.ಮೀ. ಥ್ರೆಡ್ ರಾಡು, ಎರಡು ನಟ್ಟು, ದೊಡ್ಡ ದಪ್ಪ ವಾಷರ್‌ಗಳು ಸಾಕು. ಆ ರಾಡಿನ ಸಾಮಾನ್ಯ ಥ್ರೆಡ್ ಒಂದು ಸುತ್ತಿಗೆ 1.75 ಮಿ.ಮೀ. ಮುಂದೆ ಹೋಗುತ್ತದೆ. ಕಪ್ ನಿಧಾನಕ್ಕೆ, ನೇರವಾಗಿ ಇಳಿಯುತ್ತದೆ. ಕಟ್ಟಿಗೆ ಇಟ್ಟು ಸುತ್ತಿಗೆಯಲ್ಲಿ ಬಡಿದರೆ ಒಂದು ಕಡೆ ಓರೆಯಾಗುತ್ತದೆ. ಅಂಗಡಿಯ ಪ್ರೆಸ್ಸಿಗೂ ಇದಕ್ಕೂ ಕೆಲಸದಲ್ಲಿ ಏನೂ ಫರಕಿಲ್ಲ. ಒಂದೊಂದೇ ಕಪ್ ಕೂರಿಸಿ, ಎರಡನ್ನೂ ಒಟ್ಟಿಗೆ ಬೇಡ.

ಕ್ಯಾಸೆಟ್ (ಹಿಂದಿನ ಗಾಲಿಯ ಹಲ್ಲುಚಕ್ರಗಳ ಗೊಂಚಲು) ಬಿಚ್ಚುವಾಗ ಹಲ್ಲುಚಕ್ರ ತಿರುಗದಂತೆ ಹಿಡಿಯುವ ಚೈನ್ ವಿಪ್ಪೂ ಹಾಗೆಯೇ. ಕಬ್ಬಿಣದ ಪಟ್ಟಿಗೆ ಹಳೆ ಚೈನಿನ ತುಂಡು ಜೋಡಿಸಿದರೆ ಮುಗಿಯಿತು.

ಚೈನ್ ಎಳೆದಿದೆಯಾ ಅಂತ ನೋಡಲು ಮಾರುವ ಗೇಜಿಗಿಂತ 12 ಇಂಚಿನ ಸ್ಟೀಲ್ ಸ್ಕೇಲೇ ನನಗೆ ಹೆಚ್ಚು ನಂಬಿಕೆ. ಚೈನಿನ ಪಿನ್ನಿಂದ ಪಿನ್ನಿಗೆ ಅರ್ಧ ಇಂಚು. ಹೊಸ ಚೈನಿನಲ್ಲಿ 24 ಕೊಂಡಿಗೆ ಸರಿಯಾಗಿ 12 ಇಂಚು ಬರುತ್ತದೆ. ಕೊನೆಯ ಪಿನ್ ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನ್ ಬದಲಿಸುವ ಹೊತ್ತು. ಎಂಟನೇ ಒಂದು ಭಾಗ ಹೋಗಿದ್ದರೆ ಹಲ್ಲುಗಳೂ ಸವೆದಿರುತ್ತವೆ. ಗೇಜುಗಳಲ್ಲಿ ಹಲವು ರೋಲರಿನ ಸಡಿಲವನ್ನೂ ಸೇರಿಸಿ ಅಳೆಯುತ್ತವೆ. ಹಾಗಾಗಿ ಚೆನ್ನಾಗಿರುವ ಚೈನನ್ನೂ ಸವೆದಿದೆ ಅನ್ನುತ್ತವೆ.

ಸ್ಪೋಕ್ ಚಾವಿಯನ್ನು ಮಾತ್ರ ಮನೆಯಲ್ಲಿ ಮಾಡಬೇಡಿ. ನಿಪ್ಪಲ್ಲಿನ ಚೌಕ ಅಳತೆ 3.2, 3.3, 3.45 ಮಿ.ಮೀ. ಹೀಗೆ ಕೂದಲೆಳೆ ವ್ಯತ್ಯಾಸದಲ್ಲಿ ಇರುತ್ತದೆ. ಪಟ್ಟಿಗೆ ಅರ ಹಾಕಿ ಕೊರೆದ ಸಂದು ಸ್ವಲ್ಪ ದೊಡ್ಡದಾದರೂ ಹಿತ್ತಾಳೆ ನಿಪ್ಪಲ್ಲಿನ ಮೂಲೆಗಳು ಉರುಟಾಗುತ್ತವೆ. ಹಿಂದಿನ ಗಾಲಿಯ ಫ್ರೀವೀಲ್ ಬಿಚ್ಚುವ ಓಪನರ್, ಚೌಕ ಆಕ್ಸಲ್ಲಿನಿಂದ ಕ್ರ್ಯಾಂಕ್ ಎಳೆದು ತೆಗೆಯುವ ಪುಲ್ಲರ್ ಕೂಡ ಹೀಗೇ. ಕ್ರ್ಯಾಂಕಿನ ಥ್ರೆಡ್ ಅಲ್ಯುಮಿನಿಯಂನದು, ಪುಲ್ಲರ್ ಪೂರ್ತಿ ಕೂರದಿದ್ದರೆ ಒಂದೇ ಎಳೆತಕ್ಕೆ ಕಿತ್ತು ಬರುತ್ತದೆ. ಅಲ್ಲಿ ಉಳಿಸಿದ ದುಡ್ಡು ಉಳಿತಾಯ ಅಲ್ಲ.

ಈ ಪಟ್ಟಿಯಲ್ಲಿ ದುಡ್ಡು ಹಾಕಬೇಕಾದ ಇನ್ನೊಂದು ಸಾಮಾನು ಬೆಂಚ್ ವೈಸ್. ಫೋರ್ಕ್ ನಿಲ್ಲಲೂ ಅದೇ, ಕಬ್ಬಿಣದ ಪಟ್ಟಿ ಕೊರೆಯಲೂ ಅದೇ. ಫ್ರೀವೀಲ್ ಓಪನರನ್ನು ಅದರಲ್ಲಿ ಕಚ್ಚಿಸಿ, ಗಾಲಿಯನ್ನೇ ಸ್ಟೀರಿಂಗಿನಂತೆ ಎಡಕ್ಕೆ ತಿರುಗಿಸಿದರೆ ಎಂಥ ಫ್ರೀವೀಲೂ ಬಿಚ್ಚುತ್ತದೆ. ಹಳೆಯದನ್ನು ಕೊಳ್ಳುವುದಾದರೆ ದವಡೆ ಎರಡೂ ಸಮ ಕೂಡುತ್ತವೆಯಾ, ಸ್ಕ್ರೂ ಜೋಲಾಡುತ್ತದೆಯಾ ಅಂತ ಅಂಗಡಿಯಲ್ಲೇ ನಿಂತು ತಿರುಗಿಸಿ ನೋಡಿ ತಗೊಳ್ಳಿ.