‘ಗಟ್ ಸ್ಕೋರ್’ ಅಂತ ದುಡ್ಡು ಕಟ್ಟೋ ಮುಂಚೆ ಇದನ್ನೊಮ್ಮೆ ಓದಿ

ತುಮಕೂರಿನವರು, ಅದರಲ್ಲೂ ಮನೇಲಿ ವಯಸ್ಸಾದವರು ಇರುವವರು, ದಯವಿಟ್ಟು ಪೂರ್ತಿ ಓದಿ. ಆಂಟಿಬಯಾಟಿಕ್ ಮಾತ್ರೆ ತಗೊಂಡ ಮೇಲೆ ಭೇದಿ ಶುರುವಾಗಿ ನಿಲ್ಲದೇ ಇದ್ದರೆ ನೇರವಾಗಿ ಡಾಕ್ಟರ ಹತ್ತಿರ ಹೋಗಿ. ಹೊಟ್ಟೆಯ ಬ್ಯಾಕ್ಟೀರಿಯಾಗೆ ಮಾರ್ಕ್ಸ್ ಕೊಡುವ ಸೆಂಟರ್‌ಗಳಿಗೆ ಹೋಗಿ ಕೂರಬೇಡಿ. ನಮ್ಮ ಭಾವ ಹೋಗಿದ್ದರು. ಜೀವ ಉಳಿದಿದ್ದೇ ದೊಡ್ಡದು.

ಭಾವನಿಗೆ 67 ವರ್ಷ. ಕೊಬ್ಬರಿ ವ್ಯಾಪಾರ, ಈಗಲೂ ಹರಾಜಿನ ದಿನ ತಿಪಟೂರಿಗೆ ಹೋಗುವವರು. ದವಡೆ ಹಲ್ಲು ಕೀಳಿಸಿದಾಗ ಡಾಕ್ಟರ್ ಕ್ಲಿಂಡಮೈಸಿನ್ ಅನ್ನುವ ಆಂಟಿಬಯಾಟಿಕ್ ಬರೆದುಕೊಟ್ಟಿದ್ದರು. ಕೋರ್ಸ್ ಮುಗಿದ ಮೇಲೂ ಸ್ವಲ್ಪ ಊತ ಇತ್ತು. ಖಾಲಿ ಸ್ಟ್ರಿಪ್ ತೋರಿಸಿದ್ದಕ್ಕೆ ಮೆಡಿಕಲ್ ಶಾಪಿನವನು ಚೀಟಿ ಕೇಳದೆ ಇನ್ನೊಂದು ಕೊಟ್ಟ. ಅದೂ ಮುಗಿಯಿತು, ಭೇದಿ ಶುರುವಾಯಿತು. ದಿನಕ್ಕೆ ಎಂಟು, ಹತ್ತು ಸಲ.

ಆಗ ಯಾರೋ ವಾಕಿಂಗ್ ಗೆಳೆಯರು ಈ ಸೆಂಟರ್ ವಿಳಾಸ ಕೊಟ್ಟರು. ಹೆಸರು ಹಾಕಲ್ಲ. ಬೋರ್ಡು, ಎಸಿ, ಬಿಳಿ ಕೋಟು ಎಲ್ಲಾ ಇದೆ, ಡಾಕ್ಟರ್ ಒಬ್ಬರು ಬಿಟ್ಟು. ಅಲ್ಲಿನ ಹುಡುಗ ಟ್ಯಾಬ್ ಹಿಡಿದು, ‘ಸಾರ್, ನಿಮ್ಮ ಮೈಯಲ್ಲಿ ನೀವಿರೋದು ಹತ್ತರಲ್ಲಿ ಒಂದು ಪಾಲು, ಮಿಕ್ಕಿದ್ದೆಲ್ಲಾ ಬ್ಯಾಕ್ಟೀರಿಯಾ, ಎರಡು ಕೆಜಿ ಇರುತ್ತೆ’ ಅಂದನಂತೆ. ಹಳೇ ಕಥೆ ಇದು. 2016ರಲ್ಲೇ ವಿಜ್ಞಾನಿಗಳು ಸರಿಯಾಗಿ ಲೆಕ್ಕ ಹಾಕಿದ್ದಾರೆ. ಒಬ್ಬ ಮನುಷ್ಯನಲ್ಲಿ ಅಂದಾಜು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ, 30 ಲಕ್ಷ ಕೋಟಿ ಸ್ವಂತ ಜೀವಕೋಶ. ಹೆಚ್ಚುಕಮ್ಮಿ ಸರಿಸಮ. ತೂಕ ಸುಮಾರು ಇನ್ನೂರು ಗ್ರಾಂ. ಆದರೆ ಹತ್ತಕ್ಕೆ ಒಂದು ಅಂದರೆ ಗಿರಾಕಿ ಬೇಗ ಹೆದರುತ್ತಾನೆ ಅಲ್ವಾ.

ಮಲದ ಸ್ಯಾಂಪಲ್ ತಗೊಂಡು, ಬಣ್ಣಬಣ್ಣದ ದಪ್ಪ ರಿಪೋರ್ಟ್ ಕೊಟ್ಟರು. ಮೊದಲ ಪುಟದಲ್ಲೇ ಸ್ಪೀಡೋಮೀಟರ್ ಥರ ಒಂದು ಚಿತ್ರ. ನೂರಕ್ಕೆ 41. ಒಳಗೆ ಪ್ರಿವೊಟೆಲ್ಲಾ ಅನ್ನುವ ಬ್ಯಾಕ್ಟೀರಿಯಾಗೆ ಕೆಂಪು ಗುರುತು, ‘ಮಿತಿ ಮೀರಿದೆ’ ಅಂತ. ಕಾಳು, ಸೊಪ್ಪು, ಧಾನ್ಯ ಜಾಸ್ತಿ ತಿನ್ನುವವರ ಕರುಳಲ್ಲಿ ಪ್ರಿವೊಟೆಲ್ಲಾ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ನಮ್ಮ ದೇಶದವರ ಮೇಲೆ ನಡೆದ ಅಧ್ಯಯನಗಳಲ್ಲೂ ಇದು ಕಂಡಿದೆ. ಹುಟ್ಟಿದಾಗಿನಿಂದ ಮುದ್ದೆ, ಬಸ್ಸಾರು ತಿಂದವರ ಹೊಟ್ಟೆಯಲ್ಲಿ ಇನ್ನೇನು ಸಿಗಬೇಕಿತ್ತು? ಪರಿಹಾರ ಅಂತ ಮುದ್ದೆ ಬಿಡಿ, ಅವರೆಕಾಳು ಬಿಡಿ ಅಂದರು. ತುಮಕೂರಿನಲ್ಲಿ ಕೂತು ಇದನ್ನು ಹೇಳೋಕೆ ಧೈರ್ಯ ಬೇಕು. ಜೊತೆಗೆ 18,500 ರೂಪಾಯಿಯ ‘ರೀಸೆಟ್’ ಪ್ಯಾಕೇಜು, ಡಬ್ಬಗಟ್ಟಲೆ ಪ್ರೋಬಯಾಟಿಕ್ ಪುಡಿ, ಅಂದರೆ ‘ಒಳ್ಳೇ’ ಬ್ಯಾಕ್ಟೀರಿಯಾ ಇರುವ ಪುಡಿ.

ಪುಡಿ ಶುರು ಮಾಡಿದ ಮೇಲೆ ಭೇದಿ ಇನ್ನೂ ಜಾಸ್ತಿಯಾಯಿತು. ಅಕ್ಕ ಫೋನ್ ಮಾಡಿ ಕೇಳಿದ್ದಕ್ಕೆ ಬಂದ ಉತ್ತರ ಹೀಗಿತ್ತು: ‘ಕೆಟ್ಟ ಬ್ಯಾಕ್ಟೀರಿಯಾ ಹೊರಗೆ ಹೋಗ್ತಾ ಇದೆ ಆಂಟಿ, ಒಳ್ಳೇ ಲಕ್ಷಣ. ನಿಲ್ಲಿಸಬೇಡಿ.’ ಈ ಮಾತನ್ನು ನೆನಪಿಟ್ಟುಕೊಳ್ಳಿ. ಜಾಸ್ತಿಯಾಗುತ್ತಿರುವ ಕಾಯಿಲೆಯನ್ನು ಒಳ್ಳೇ ಲಕ್ಷಣ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಕೊನೆಗೆ ಭಾವ ಬಚ್ಚಲಲ್ಲಿ ಕುಸಿದರು. ನಾಲಿಗೆ ಒಣಗಿ ಮರದ ಚಕ್ಕೆ ಆಗಿತ್ತು, ಬಿಪಿ ಪೂರ್ತಿ ಇಳಿದಿತ್ತು.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸುತ್ತಲೇ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: ‘ಎರಡು ಮೂರು ತಿಂಗಳಲ್ಲಿ ಯಾವುದಾದ್ರೂ ಆಂಟಿಬಯಾಟಿಕ್ ತಗೊಂಡಿದ್ರಾ?’ ಸೆಂಟರ್‌ನ ಫಾರಂನಲ್ಲಿ ನಿದ್ದೆ, ಟೆನ್ಷನ್, ಕಾಫಿ ಎಲ್ಲಾ ಕೇಳಿದ್ದರು. ರಾಶಿ ನಕ್ಷತ್ರ ಒಂದು ಬಾಕಿ. ಇದನ್ನು ಮಾತ್ರ ಕೇಳಿರಲಿಲ್ಲ.

ಮಲದಲ್ಲಿ ವಿಷ ಇದೆಯಾ ಅಂತ ನೋಡುವ ಬೇರೆ ಪರೀಕ್ಷೆ ಮಾಡಿಸಿದರು. ಸಿಕ್ಕಿದ್ದು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೈಲ್ ಅನ್ನುವ ಬ್ಯಾಕ್ಟೀರಿಯಾ, ಡಾಕ್ಟರ್‌ಗಳ ಬಾಯಲ್ಲಿ ಸಿ ಡಿಫ್. ಕ್ಲಿಂಡಮೈಸಿನ್ ತಗೊಂಡವರಲ್ಲಿ ಇದು ಬರಬಹುದು ಅಂತ 1970ರ ದಶಕದಿಂದಲೇ ಗೊತ್ತಿದೆ. ಬೇರೆ ಆಂಟಿಬಯಾಟಿಕ್‌ಗಳಿಂದಲೂ ಬರುತ್ತದೆ. ಔಷಧಿ ಕರುಳಿನ ಸಾವಿರಾರು ಕೋಟಿ ಖಾಯಂ ನಿವಾಸಿಗಳನ್ನು ಕೊಲ್ಲುತ್ತದೆ. ಬೆಳೆ ತೆಗೆದು ಬೀಳು ಬಿಟ್ಟ ಹೊಲಕ್ಕೆ ಕಾಂಗ್ರೆಸ್ ಗಿಡ ನುಗ್ಗಿದ ಹಾಗೆ, ಈ ಸಿ ಡಿಫ್ ನುಗ್ಗಿ ವಿಷ ಉಗುಳುತ್ತದೆ, ಕರುಳಿನ ಒಳಪದರ ಹುಣ್ಣಾಗುತ್ತದೆ. 65 ದಾಟಿದವರಿಗೆ ಅಪಾಯ ಹೆಚ್ಚು. ಭಾವ ವರ್ಷಗಟ್ಟಲೆ ನುಂಗುತ್ತಿದ್ದ ಗ್ಯಾಸ್ ಮಾತ್ರೆಗೂ ಇದಕ್ಕೂ ನಂಟಿದೆ ಅಂದರು ಡಾಕ್ಟರ್. ಇನ್ನೊಂದು ವಿಷಯ: ಇಂಥ ಭೇದಿಯನ್ನು ನಿಲ್ಲಿಸೋಕೆ ಲೋಪರಮೈಡ್ ಥರದ ಮಾತ್ರೆ ನೀವಾಗೇ ನುಂಗಬೇಡಿ. ವಿಷ ಒಳಗೇ ಉಳಿದರೆ ಕಷ್ಟ.

ಚಿಕಿತ್ಸೆ ನೋಡಿ ಅಕ್ಕ ಗಾಬರಿಯಾದಳು. ವ್ಯಾಂಕೋಮೈಸಿನ್ ಇಂಜೆಕ್ಷನ್ ಬಾಟಲಿಯ ಪುಡಿಯನ್ನೇ ನೀರಲ್ಲಿ ಕಲಸಿ ಕುಡಿಸುತ್ತಿದ್ದರು. ನರ್ಸಮ್ಮ ತಪ್ಪು ಮಾಡ್ತಿದ್ದಾರೆ ಅಂತ ನನಗೆ ಫೋನ್ ಮಾಡಿದಳು. ತಪ್ಪಲ್ಲ. ರಕ್ತಕ್ಕೆ ಕೊಟ್ಟರೆ ಈ ಔಷಧಿ ಕರುಳಿನೊಳಕ್ಕೆ ಸರಿಯಾಗಿ ತಲುಪುವುದಿಲ್ಲ, ಬಾಯಿಂದಲೇ ಹೋಗಬೇಕು.

ಭಾವ ಹಾಸಿಗೆಯಲ್ಲಿದ್ದಾಗಲೇ ಸೆಂಟರ್‌ನಿಂದ ವಾಟ್ಸ್ಆ್ಯಪ್ ಬಂತು. ಕುಸಿಯುವ ಮುಂಚೆ ಕೊಟ್ಟಿದ್ದ ಎರಡನೇ ಸ್ಯಾಂಪಲ್‌ನ ಫಲಿತಾಂಶ. ಸ್ಕೋರ್ 67. ‘ಅಭಿನಂದನೆಗಳು! ನಿಮ್ಮ ಕರುಳು ಚೇತರಿಸಿಕೊಳ್ಳುತ್ತಿದೆ.’ ಕೆಳಗೆ ಚಪ್ಪಾಳೆಯ ಎಮೋಜಿ ಬೇರೆ.

ಆಮೇಲೆ ನಾನು ಕೂತು ಓದಿದೆ, ಈ ‘ಆರೋಗ್ಯವಂತ ಕರುಳು’ ಅನ್ನುವ ಅಳತೆಗೋಲು ಎಲ್ಲಿಂದ ಬಂತು ಅಂತ. ಅಮೆರಿಕದಲ್ಲಿ 2007ರಲ್ಲಿ ಹ್ಯೂಮನ್ ಮೈಕ್ರೋಬಯೋಮ್ ಪ್ರಾಜೆಕ್ಟ್ ಶುರುವಾಯಿತು. ಮೈಕ್ರೋಬಯೋಮ್ ಅಂದರೆ ನಮ್ಮ ಮೈಯಲ್ಲಿ ಬದುಕುವ ಸೂಕ್ಷ್ಮಜೀವಿಗಳ ಇಡೀ ಸಮೂಹ. ಹಲ್ಲು, ಒಸಡು ಸಮೇತ ತಪಾಸಣೆ ಮಾಡಿ ಆರಿಸಿದ 242 ಆರೋಗ್ಯವಂತರ ಬಾಯಿ, ಮೂಗು, ಚರ್ಮ, ಕರುಳು ಎಲ್ಲಾ ಕಡೆ ಸ್ಯಾಂಪಲ್ ತಗೊಂಡರು. 2012ರಲ್ಲಿ ಫಲಿತಾಂಶ ಬಂತು. ಯಾವ ಇಬ್ಬರದೂ ಒಂದೇ ಥರ ಇರಲಿಲ್ಲ. ರೋಗ ತರಬಲ್ಲ ಸೂಕ್ಷ್ಮಜೀವಿಗಳು ಆರೋಗ್ಯವಂತರಲ್ಲೂ ಸುಮ್ನೆ ಇದ್ದವು. ಬ್ಯಾಕ್ಟೀರಿಯಾಗಳ ಜಾತಿ ಬೇರೆಬೇರೆಯಾದರೂ ಅವು ಮಾಡುವ ಕೆಲಸ ಹೆಚ್ಚುಕಮ್ಮಿ ಒಂದೇ ಆಗಿತ್ತು. ಅಂದಮೇಲೆ ನೂರಕ್ಕೆ ನೂರು ಯಾರದ್ದು? ಸಕ್ಕರೆ ಕಾಯಿಲೆ, ಬೊಜ್ಜು, ಕರುಳಿನ ಉರಿಯೂತ ಇದ್ದವರಲ್ಲಿ ಬ್ಯಾಕ್ಟೀರಿಯಾ ಬೇರೆ ಥರ ಕಾಣುತ್ತದೆ ನಿಜ. ಅದು ಕಾಯಿಲೆಗೆ ಕಾರಣವೋ, ಕಾಯಿಲೆಯಿಂದ ಆದದ್ದೋ ಅನ್ನುವುದು ಬಹಳಷ್ಟು ಕಡೆ ಇನ್ನೂ ಇತ್ಯರ್ಥವಾಗಿಲ್ಲ. ಸೆಂಟರ್ ಹುಡುಗನಿಗೆ ಮಾತ್ರ ಎಲ್ಲಾ ಗೊತ್ತಿತ್ತು.

ಪುಡಿಯ ವಿಷಯಕ್ಕೆ ಬಂದರೆ, 2018ರಲ್ಲಿ ಇಸ್ರೇಲ್‌ನ ವೈಜ್‌ಮನ್ ಸಂಸ್ಥೆಯವರು ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. ಆಂಟಿಬಯಾಟಿಕ್ ನಂತರ ಪ್ರೋಬಯಾಟಿಕ್ ತಗೊಂಡವರಿಗಿಂತ ಏನೂ ತಗೊಳ್ಳದವರ ಸ್ವಂತ ಬ್ಯಾಕ್ಟೀರಿಯಾಗಳೇ ಬೇಗ ಮರಳಿದ್ದವು.

ಈ ಸಿ ಡಿಫ್ ಕಾಯಿಲೆ ಸುಮಾರು ಆರರಲ್ಲಿ ಒಬ್ಬರಿಗೆ ಮತ್ತೆ ಬರುತ್ತದಂತೆ. ಮತ್ತೆ ಮತ್ತೆ ಬಂದವರಿಗೆ ಆರೋಗ್ಯವಂತರ ಮಲವನ್ನು ಸಂಸ್ಕರಿಸಿ ಕರುಳಿಗೆ ಬಿಡುವ ಚಿಕಿತ್ಸೆ ಇದೆ. 2013ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ 16 ಜನರಿಗೆ ಹೀಗೆ ಮಾಡಿದಾಗ 13 ಜನಕ್ಕೆ ಒಂದೇ ಸಲಕ್ಕೆ ವಾಸಿಯಾಯಿತು. ಕೇಳೋಕೆ ಅಸಹ್ಯ, ಆದರೆ ಮೈಕ್ರೋಬಯೋಮ್ ಹೆಸರಲ್ಲಿ ಗಟ್ಟಿಯಾಗಿ ನಿಂತಿರುವ ಚಿಕಿತ್ಸೆ ಅಂದರೆ ಇದೇ. ಆಸ್ಪತ್ರೆಯಲ್ಲಿ ಮಾತ್ರ. ಭಾವನಿಗೆ ಸದ್ಯ ಅದು ಬೇಕಾಗಿಲ್ಲ.

ಮನೇಲಿ ಇಂಥ ರೋಗಿ ಇದ್ದರೆ ಸ್ಯಾನಿಟೈಸರ್ ನಂಬಬೇಡಿ. ಸಿ ಡಿಫ್ ಬೀಜಕಣಗಳು ಅದಕ್ಕೆ ಸಾಯುವುದಿಲ್ಲ. ಸೋಪು, ನೀರಲ್ಲಿ ಕೈ ಉಜ್ಜಿ ತೊಳೆಯಬೇಕು, ಟಾಯ್ಲೆಟ್‌ಗೆ ಬ್ಲೀಚ್ ಹಾಕಬೇಕು.

ದುಡ್ಡು ವಾಪಸ್ ಕೇಳಿದ್ದಕ್ಕೆ, ಸೀಲ್ ಒಡೆಯದ ಡಬ್ಬಗಳನ್ನೂ ತಗೊಳ್ಳಲ್ಲ ಅಂದರು. ಅವರು ಕೊಟ್ಟಿದ್ದ ಕಾಗದ ತೆಗೆದು ನೋಡಿದರೆ ಅದು ಬಿಲ್ಲೇ ಅಲ್ಲ, ‘ಅಂದಾಜು ಪಟ್ಟಿ’. ಫೋನ್‌ಪೇ ಮಾಡಿದ ದಾಖಲೆ ಇದ್ದಿದ್ದರಿಂದ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಅದೇ ಸೆಂಟರ್‌ಗೆ ನೀವೂ ದುಡ್ಡು ಕಟ್ಟಿದ್ದರೆ ರಿಪೋರ್ಟ್, ಪೇಮೆಂಟ್ ಸ್ಕ್ರೀನ್‌ಶಾಟ್ ಎರಡನ್ನೂ ಎತ್ತಿಟ್ಟುಕೊಂಡು ನನಗೆ ಮೆಸೇಜ್ ಮಾಡಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಒಟ್ಟಿಗೆ ಹೋಗೋಣ.