ಬ್ಯಾಕಪ್‌ನ ಹಸಿರು ಟಿಕ್ ನಂಬಿಕೊಂಡು ಕೂತವರು ಒಮ್ಮೆ ಇದನ್ನು ಓದಿ

"ನಮ್ಮಲ್ಲಿ ದಿನಾ ರಾತ್ರಿ ಬ್ಯಾಕಪ್ ಆಗತ್ತೆ" ಅಂತ ಟೀಮ್ ಲೀಡ್ ಹೇಳಿದರೆ ತಲೆಯಾಡಿಸಿ ಸುಮ್ಮನಾಗಬೇಡಿ. ಅದನ್ನು ಕೊನೆಯ ಸಲ ರಿಸ್ಟೋರ್ ಮಾಡಿ, ಅಂದರೆ ಅದರಿಂದ ಡೇಟಾ ವಾಪಸ್ ತಂದು, ನೋಡಿದ್ದು ಯಾವಾಗ ಅಂತ ಕೇಳಿ. ನಾನು ಹಿಂದೆ ಇದ್ದ ಕಂಪನಿಯಲ್ಲಿ ಈ ಪ್ರಶ್ನೆ ಕೇಳಿದಾಗಲೆಲ್ಲ "ಮುಂದಿನ ಸ್ಪ್ರಿಂಟ್‌ನಲ್ಲಿ ನೋಡೋಣ" ಅನ್ನುತ್ತಿದ್ದರು. ಸ್ಪ್ರಿಂಟ್ ಅಂದರೆ ಕೆಲವು ವಾರಗಳ ಕೆಲಸದ ಸುತ್ತು; ಆ ಮುಂದಿನ ಸುತ್ತು ಬರಲೇ ಇಲ್ಲ.

ನಮ್ಮದು ಪೋಸ್ಟ್‌ಗ್ರೆಸ್ ಡೇಟಾಬೇಸ್. ರಾತ್ರಿ ಒಂದು ಕ್ರಾನ್ ಜಾಬ್ (ಹೊತ್ತಿಗೆ ಸರಿಯಾಗಿ ತಾನೇ ಓಡುವ ಸ್ಕ್ರಿಪ್ಟ್) ಓಡುತ್ತಿತ್ತು, ಡೇಟಾಬೇಸಿನ ಪ್ರತಿ ತೆಗೆಯುವ ಪಿಜಿ ಡಂಪ್ ಕೊಟ್ಟಿದ್ದನ್ನು ಪೈಪ್ ಹಾಕಿ, ಅಂದರೆ ಒಂದು ಕಮಾಂಡಿನ ಔಟ್‌ಪುಟ್ ನೇರ ಇನ್ನೊಂದಕ್ಕೆ ಹೋಗುವಂತೆ ಜೋಡಿಸಿ, ಕುಗ್ಗಿಸುವ ಜಿಜಿಪ್‌ಗೆ ಕಳಿಸಿ ಫೈಲ್ ಮಾಡುತ್ತಿತ್ತು, ಬೆಳಿಗ್ಗೆ ಚಾಟ್ ಗ್ರೂಪಿಗೆ ಹಸಿರು ಟಿಕ್ ಬರುತ್ತಿತ್ತು. ಮಧ್ಯೆ ಡೇಟಾಬೇಸ್ ಸರ್ವರನ್ನು ಹೊಸ ವರ್ಷನ್‌ಗೆ ಅಪ್‌ಗ್ರೇಡ್ ಮಾಡಿದರು. ಬ್ಯಾಕಪ್ ಮೆಷಿನ್‌ನಲ್ಲಿದ್ದ ಪಿಜಿ ಡಂಪ್ ಮಾತ್ರ ಹಳೆಯದೇ ಉಳಿಯಿತು. ತನಗಿಂತ ಹೊಸ ಮೇಜರ್ ವರ್ಷನ್‌ನ ಸರ್ವರ್ ಎದುರಾದರೆ ಅದು ಎರರ್ ಕೊಟ್ಟು ನಿಂತುಬಿಡುತ್ತದೆ. ಅದು ಸರಿಯೇ. ಆದರೆ ಶೆಲ್‌ನಲ್ಲಿ (ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ) ಪೈಪ್ ಹಾಕಿದರೆ ಸಾಮಾನ್ಯವಾಗಿ ಕೊನೆಯ ಕಮಾಂಡಿನ ಫಲಿತಾಂಶ ಮಾತ್ರ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಕೊನೆಯದು ಜಿಜಿಪ್. ಅದಕ್ಕೇನು, ಏನೂ ಬರದಿದ್ದರೂ ಅಚ್ಚುಕಟ್ಟಾಗಿ 20 ಬೈಟಿನ ಖಾಲಿ ಫೈಲ್ ಮಾಡಿಟ್ಟು "ಆಯ್ತು" ಅನ್ನುತ್ತದೆ! ನಿಜವಾದ ಎರರ್ ಯಾರೂ ತೆರೆಯದ ಲಾಗ್‌ನಲ್ಲಿ ಬಿದ್ದಿತ್ತು.

ಇನ್ನೂ ಕೆಟ್ಟದ್ದೇನಂದರೆ, ಜಾಗ ಉಳಿಸಲೆಂದು ಅದೇ ಸ್ಕ್ರಿಪ್ಟ್ ತಿಂಗಳು ದಾಟಿದ ಫೈಲ್‌ಗಳನ್ನು ಅಳಿಸುತ್ತಿತ್ತು. ಒಳ್ಳೆಯ ಬ್ಯಾಕಪ್‌ಗಳೆಲ್ಲ ಹಾಗೆ ಒಂದೊಂದಾಗಿ ಹೋದವು.

ಆಮೇಲೆ ಹೊಸದಾಗಿ ಸೇರಿದ್ದ ಹುಡುಗನೊಬ್ಬ ಟೆಸ್ಟ್ ಡೇಟಾಬೇಸ್ ಅಂದುಕೊಂಡು ಪ್ರೊಡಕ್ಷನ್‌ನಲ್ಲೇ, ಅಂದರೆ ಗ್ರಾಹಕರ ನಿಜವಾದ ಡೇಟಾ ಇರುವಲ್ಲೇ, ಆರ್ಡರ್ ಟೇಬಲ್ ಖಾಲಿ ಮಾಡಿದ. "ರೆಪ್ಲಿಕಾ ಇದೆಯಲ್ಲ" ಅಂದರು ಮೇಲಿನವರು. ಇತ್ತು. ಆದರೆ ಅದು ಮುಖ್ಯ ಡೇಟಾಬೇಸನ್ನು ಆಗಿಂದಾಗಲೇ ನಕಲು ಮಾಡುವ ಇನ್ನೊಂದು ಸರ್ವರ್, ಹಾಗಾಗಿ ಪ್ರೊಡಕ್ಷನ್‌ನಲ್ಲಿ ಅಳಿಸಿದ್ದನ್ನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತಾನೂ ಅಳಿಸಿಕೊಂಡಿತ್ತು. ರೆಪ್ಲಿಕಾ ಇರುವುದು ಮೆಷಿನ್ ಕೆಟ್ಟರೆ ಅಂತ, ಕೈತಪ್ಪಿಗಲ್ಲ. ಕೊನೆಗೆ ಹಳೆಯ ಟೆಸ್ಟ್ ಕಾಪಿ, ಅಪ್ಲಿಕೇಶನ್ ಲಾಗ್, ಗ್ರಾಹಕರಿಗೆ ಹೋಗಿದ್ದ ಈಮೇಲ್ ಎಲ್ಲ ಜೋಡಿಸಿ ಒಂದಷ್ಟು ಡೇಟಾ ವಾಪಸ್ ತಂದೆವು. ಉಳಿದದ್ದು ಸಿಗಲಿಲ್ಲ.

ಅದಕ್ಕಿಂತ ನನಗೆ ಜಾಸ್ತಿ ಸಿಟ್ಟು ಬಂದಿದ್ದು ಮೀಟಿಂಗ್‌ನಲ್ಲಿ. ಮೊದಲ ಪ್ರಶ್ನೆಯೇ "ಯಾರು ಮಾಡಿದ್ದು?". ಹೊಸಬನಿಗೆ ಪ್ರೊಡಕ್ಷನ್ ಪಾಸ್‌ವರ್ಡ್ ಕೊಟ್ಟವರು ಯಾರು, ರಿಸ್ಟೋರ್ ಟೆಸ್ಟ್ ಮುಂದೂಡುತ್ತಾ ಬಂದವರು ಯಾರು, ಅದನ್ನು ಯಾರೂ ಕೇಳಲಿಲ್ಲ. ಹುಡುಗ ಕೆಲಸ ಬಿಟ್ಟ. ಆಮೇಲೆ ಟೀಮ್‌ನಲ್ಲಿ ಎಲ್ಲರೂ ಸಣ್ಣಪುಟ್ಟ ತಪ್ಪನ್ನೂ ಮುಚ್ಚಿಡಲು ಶುರು ಮಾಡಿದರು, ಮಾಡದೆ ಇನ್ನೇನು?

ಇದು ದೊಡ್ಡವರಿಗೂ ಆಗಿದೆ. 2017ರ ಜನವರಿ 31ರಂದು ಪ್ರೋಗ್ರಾಮರ್‌ಗಳು ಕೋಡ್ ಇಡುವ ಸೇವೆ ಗಿಟ್‌ಲ್ಯಾಬ್‌ನಲ್ಲಿ ಒಬ್ಬ ಎಂಜಿನಿಯರ್ ಸೆಕೆಂಡರಿ (ನಕಲು) ಸರ್ವರ್ ಅಂದುಕೊಂಡು ಮುಖ್ಯ ಸರ್ವರಿನ ಡೇಟಾ ಅಳಿಸಿದರು. ಅಲ್ಲೂ ಪಿಜಿ ಡಂಪ್‌ನದ್ದು ಇದೇ ಕಥೆ, ಸರ್ವರ್ 9.6, ಡಂಪ್ ತೆಗೆಯಲು ಓಡುತ್ತಿದ್ದದ್ದು 9.2. ವಿಫಲವಾಗಿದೆ ಅಂತ ಹೇಳುವ ಈಮೇಲ್‌ಗಳು ಕೂಡ ತಲುಪುತ್ತಿರಲಿಲ್ಲ. ಅದೃಷ್ಟಕ್ಕೆ ಸುಮಾರು 6 ಗಂಟೆ ಮೊದಲು ಬೇರೆ ಕೆಲಸಕ್ಕೆ ತೆಗೆದಿದ್ದ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಡೇಟಾದ ಪ್ರತಿ) ಇತ್ತು. ಆದರೆ ಅವರು ಏನಾಯಿತು ಅನ್ನುವುದನ್ನು ಪೂರ್ತಿ ಬಹಿರಂಗವಾಗಿ ಬರೆದರು, ಹುಡುಕಿದ್ದು ವ್ಯವಸ್ಥೆಯಲ್ಲಿನ ತಪ್ಪನ್ನು. ನಮ್ಮವರು ಅದರಲ್ಲಿ ಅರ್ಧ ಮಾಡಿದ್ದರೂ ಸಾಕಿತ್ತು.

ನಿಮ್ಮ ಸ್ಕ್ರಿಪ್ಟ್‌ನಲ್ಲಿ ಪೈಪ್ ಇದ್ದರೆ ಬ್ಯಾಶ್ ಶೆಲ್‌ನ ಪೈಪ್‌ಫೇಲ್ ಆನ್ ಮಾಡಿ, ಆಗ ಪೈಪ್‌ನ ಯಾವ ಕಮಾಂಡ್ ವಿಫಲವಾದರೂ ಎರರ್ ಅಂತ ಲೆಕ್ಕ. ಫೈಲ್ ಸೈಜ್ ನಿನ್ನೆಗಿಂತ ದಿಢೀರ್ ಇಳಿದರೆ ಅಲರ್ಟ್ ಬರಲಿ. ಇಷ್ಟಕ್ಕೇ ನಿಲ್ಲಿಸಬೇಡಿ, ಇವೆರಡೂ ಇದ್ದೂ ಫೈಲ್ ಕೆಟ್ಟಿರಬಹುದು. ವಾರಕ್ಕೊಮ್ಮೆಯಾದರೂ ಬೇರೆ ಮೆಷಿನ್‌ನಲ್ಲಿ ತಾನಾಗಿಯೇ ರಿಸ್ಟೋರ್ ಆಗಿ, ಮುಖ್ಯ ಟೇಬಲ್‌ಗಳಲ್ಲಿ ಎಷ್ಟು ಸಾಲು ಇವೆ, ಕೊನೆಯ ಸಾಲು ಯಾವ ದಿನದ್ದು ಅಂತ ಎಣಿಸಿ ಹೇಳುವಂತೆ ಮಾಡಿ. ಎಷ್ಟು ಹೊತ್ತು ಹಿಡಿಯಿತು ಅನ್ನುವುದನ್ನೂ ಬರೆದಿಡಿ, ಸಿಸ್ಟಮ್ ಮಲಗಿದಾಗ ಎಲ್ಲರೂ ಮೊದಲು ಕೇಳುವುದು ಅದನ್ನೇ. ರಿಸ್ಟೋರ್ ಮಾಡಿ ನೋಡಿದ ಹೊಸ ಫೈಲ್ ಒಂದು ಕೈಗೆ ಸಿಗುವವರೆಗೆ ಹಳೆಯದನ್ನು ಅಳಿಸಬೇಡಿ. ಲೀಡ್ ಇದಕ್ಕೆಲ್ಲ ಟೈಮ್ ಇಲ್ಲ ಅಂದರೆ ಜಗಳ ಬೇಡ, ಅದನ್ನೇ ಒಂದು ಮೇಲ್‌ನಲ್ಲಿ ಬರೆದು ಕೊಡಿ ಅನ್ನಿ.