ಪಟ್ಟಿ, ಗೆರೆ, ಅಚ್ಚು: ಇಂಗ್ಲಿಷ್ ವಾಕ್ಯ ಕಲಿಯಲು ನಾನು ಹಿಡಿದ ಮೂರು ದಾರಿ

ಇಂಗ್ಲಿಷ್‌ನಲ್ಲಿ ವಾಕ್ಯ ಕಟ್ಟುವುದನ್ನು ಕಲಿಯಲು ಮೂರು ದಾರಿ ಹಿಡಿದು ನೋಡಿದ್ದೇನೆ. ಪಾರ್ಟ್ಸ್ ಆಫ್ ಸ್ಪೀಚ್, ಅಂದರೆ ಪದಗಳ ಜಾತಿಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದು, ವಾಕ್ಯವನ್ನು ಗೆರೆ ಎಳೆದು ಬಿಡಿಸುವುದು, ವಾಕ್ಯದ ಐದು ಮಾದರಿಗಳನ್ನು ಅಚ್ಚಿನ ಹಾಗೆ ಇಟ್ಟುಕೊಂಡು ಅದರೊಳಗೆ ಪದ ತುಂಬುವುದು. ಹೊಸಬರು ಅಚ್ಚಿನಿಂದಲೇ ಶುರು ಮಾಡಿ ಅಂತ ಈಗಲೇ ಹೇಳಿಬಿಡುತ್ತೇನೆ.

ನಾನು ಶುರು ಮಾಡಿದ್ದು ಪಟ್ಟಿಯಿಂದ. ನೌನ್, ಪ್ರೊನೌನ್, ವರ್ಬ್, ಅಡ್ಜೆಕ್ಟಿವ್, ಅಡ್ವರ್ಬ್, ಪ್ರಿಪೊಸಿಷನ್, ಕಂಜಂಕ್ಷನ್, ಇಂಟರ್ಜೆಕ್ಷನ್, ಒಟ್ಟು 8. ಒಂದು ವಾರದಲ್ಲಿ ಎಲ್ಲದರ ಅರ್ಥವೂ ಬಾಯಿಗೆ ಬಂತು, ಆದರೆ ಒಂದು ವಾಕ್ಯವೂ ಸರಿಯಾಗಿ ಬರಲಿಲ್ಲ. ಇಂಗ್ಲಿಷ್‌ನಲ್ಲಿ ಎಷ್ಟೋ ಪದಗಳ ಜಾತಿ ಪದಕ್ಕೇ ಅಂಟಿಕೊಂಡಿರುವುದಿಲ್ಲ ಅನ್ನುವುದೇ ಇಲ್ಲಿನ ತೊಡಕು. 'ವಾಟರ್' ಅಂದರೆ ನೀರು, ನೌನ್. 'ವಾಟರ್ ದಿ ಪ್ಲಾಂಟ್ಸ್' ಅಂದಾಗ ಅದೇ ಪದ ವರ್ಬ್. 'ಫಾಸ್ಟ್ ಕಾರ್' ಅಂದರೆ ಅಡ್ಜೆಕ್ಟಿವ್, 'ರನ್ ಫಾಸ್ಟ್' ಅಂದರೆ ಅಡ್ವರ್ಬ್. ಇಂಥ ಪದ ಎಲ್ಲಿ ಕೂತಿದೆ ಅಂತ ನೋಡದೆ ಹೆಸರಿಡಲು ಆಗುವುದೇ ಇಲ್ಲ.

ಅಚ್ಚಿನ ದಾರಿ ಹಿಡಿದುಕೊಳ್ಳುವುದು ಸರಿಯಾಗಿ ಇದನ್ನೇ. 'ಬರ್ಡ್ಸ್ ಫ್ಲೈ', 'ಶೀ ರೀಡ್ಸ್ ಬುಕ್ಸ್', 'ಹೀ ಈಸ್ ಟಾಲ್', 'ಶೀ ಗೇವ್ ಮೀ ಎ ಪೆನ್', 'ದೇ ಮೇಡ್ ಹಿಮ್ ಕ್ಯಾಪ್ಟನ್'. ಸರಳ ವಾಕ್ಯಗಳಲ್ಲಿ ಹೆಚ್ಚಿನವು ಈ ಐದರಲ್ಲಿ ಒಂದಕ್ಕೆ ಹೊಂದುತ್ತವೆ. ನಮಗೆ ಇದು ಜಾಸ್ತಿ ಬೇಕು, ಯಾಕೆ ಗೊತ್ತಾ? ಕನ್ನಡದಲ್ಲಿ 'ನಾಯಿ ಬೆಕ್ಕನ್ನು ಓಡಿಸಿತು' ಅಂದರೂ 'ಬೆಕ್ಕನ್ನು ನಾಯಿ ಓಡಿಸಿತು' ಅಂದರೂ ಓಡಿದ್ದು ಬೆಕ್ಕೇ, ಆ 'ಅನ್ನು' ಪ್ರತ್ಯಯ ಕಾಪಾಡುತ್ತದೆ. 'ದಿ ಡಾಗ್ ಚೇಸ್ಡ್ ದಿ ಕ್ಯಾಟ್' ಅನ್ನುವುದರಲ್ಲಿ ಡಾಗ್, ಕ್ಯಾಟ್ ಅದಲುಬದಲು ಮಾಡಿ ನೋಡಿ, ಬೆಕ್ಕೇ ನಾಯಿಯನ್ನು ಅಟ್ಟಿಕೊಂಡು ಹೋಗುತ್ತದೆ. ಪ್ರತ್ಯಯ ಮಾಡುವ ಕೆಲಸವನ್ನು ಅಲ್ಲಿ ಜಾಗ ಮಾಡುತ್ತದೆ.

ಇನ್ನೊಂದು ಲಾಭವೂ ಆಯಿತು. ನಾವು 'ಅವನು ಎತ್ತರ' ಅಂದು ಸುಮ್ನಾಗುತ್ತೇವೆ, ಕ್ರಿಯಾಪದ ಬೇಡ. ಅದೇ ರೂಢಿಯಲ್ಲಿ ನಾನು 'ಹೀ ಟಾಲ್' ಅಂತ ಎಷ್ಟೋ ಸಲ ಬರೆದಿದ್ದೇನೆ. ಅಚ್ಚಿನಲ್ಲಿ ವರ್ಬ್‌ನ ಜಾಗ ಖಾಲಿ ಕಂಡರೆ 'ಈಸ್' ತಾನಾಗಿ ನೆನಪಾಗುತ್ತದೆ. 'ನನಗೆ ಹಸಿವಾಗಿದೆ' ಅನ್ನುವುದು 'ಐ ಆಮ್ ಹಂಗ್ರಿ' ಆಗುವುದೂ ಹಾಗೇ: ನಮ್ಮ 'ನನಗೆ' ಅಲ್ಲಿ 'ನಾನು' ಆಗಿ ಮೊದಲ ಜಾಗಕ್ಕೆ ಬರಬೇಕು. ಆದರೆ ಪ್ರಶ್ನೆ ಕೇಳುವಾಗ ಈ ಅಚ್ಚು ಕೈಕೊಡುತ್ತದೆ. 'ವೇರ್ ಯು ಆರ್ ಗೋಯಿಂಗ್' ಅಂತಲೇ ಬಹಳ ದಿನ ಕೇಳುತ್ತಿದ್ದೆ, 'ಆರ್ ಯು' ಅಂತ ತಿರುಗಿಸುವುದನ್ನು ಬೇರೆಯಾಗಿಯೇ ಕಲಿಯಬೇಕಾಯಿತು.

ಗೆರೆ ಎಳೆಯುವ ಪದ್ಧತಿಯನ್ನು ರೀಡ್ ಮತ್ತು ಕೆಲಾಗ್ ಎಂಬ ಇಬ್ಬರು ಅಮೆರಿಕನ್ನರು 1877ರಲ್ಲಿ ಬಳಕೆಗೆ ತಂದರು. ಒಂದು ಅಡ್ಡಗೆರೆ, ಎಡಕ್ಕೆ ಸಬ್ಜೆಕ್ಟ್, ಬಲಕ್ಕೆ ವರ್ಬ್, ನಡುವೆ ಅದನ್ನು ಸೀಳುವ ಉದ್ದಗೆರೆ. ವಿಶೇಷಣಗಳು ಕೆಳಗೆ ಓರೆಗೆರೆಗಳ ಮೇಲೆ. ಸಣ್ಣ ವಾಕ್ಯಕ್ಕೆ ಇದು ಸಮಯ ದಂಡ. ಆದರೆ 'ದಿ ಬಾಕ್ಸ್ ಆಫ್ ಪೆನ್ಸಿಲ್ಸ್' ಮುಂದೆ 'ಈಸ್' ಬರಬೇಕೋ 'ಆರ್' ಬರಬೇಕೋ ಎಂಬ ಗೊಂದಲ ನನಗೆ ಬಗೆಹರಿದದ್ದು ಇದರಿಂದಲೇ: 'ಪೆನ್ಸಿಲ್ಸ್' ಕೆಳಗಿಳಿಯಿತು, ಅಡ್ಡಗೆರೆಯ ಮೇಲೆ 'ಬಾಕ್ಸ್' ಒಂದೇ ಉಳಿಯಿತು, ಹಾಗಾಗಿ 'ಈಸ್'. ಅಚ್ಚು ಕೈಗೆ ಬಂದ ಮೇಲೆ, ಉದ್ದ ವಾಕ್ಯ ಓದುವಾಗ ಇದನ್ನು ಹಿಡಿಯಿರಿ.

ಪಟ್ಟಿ ಬೇಡ ಅಂತಲ್ಲ. ಡಿಕ್ಷನರಿ ತೆರೆದಾಗ ಆ ಹೆಸರುಗಳು ಬೇಕೇ ಬೇಕು, ಅಲ್ವಾ? ಆದರೆ ಅಚ್ಚಿನಲ್ಲಿ ಜಾಗ ಗೊತ್ತಾದ ಮೇಲೆ ಹೆಸರು ಕಲಿಯಲು ನನಗೆ ಎರಡು ದಿನ ಸಾಕಾಯಿತು.

'ಇನ್', 'ಆನ್', 'ಅಟ್' ವಿಷಯದಲ್ಲಿ ಮಾತ್ರ ಮೂರೂ ದಾರಿ ಅರ್ಧಕ್ಕೇ ನಿಂತವು. ಅದಕ್ಕೆ ಈಗ ಜೋಡಿಯಾಗಿಯೇ ಬರೆದಿಟ್ಟುಕೊಳ್ಳುತ್ತೇನೆ: 'ಡಿಪೆಂಡ್ ಆನ್', 'ಗುಡ್ ಅಟ್', 'ಇಂಟರೆಸ್ಟೆಡ್ ಇನ್'. 'ಡಿಸ್ಕಸ್' ಪಕ್ಕದಲ್ಲಿ ಏನೂ ಬರೆದಿಲ್ಲ, ಅದಕ್ಕೆ 'ಎಬೌಟ್' ಬೇಡ.